ಫ್ಲಾಸ್ಕಿನ ಮುಚ್ಚಳ

ಅಮ್ಮಾ,

ನಿನ್ನ ಫ್ಲಾಸ್ಕನ್ನು ಶಾಲೆಗೆ ಒಯ್ದಿದ್ದೆ, ಬೈಯಬೇಡ. ನಿನಗೆಂದು ಆಸ್ಪತ್ರೆಗೆ ತಂದ ಹಾಲು ಹಾಗೇ ವಾಪಸು ಬಂದ ದಿನದಿಂದ ಅದು ಕಪಾಟಿನಲ್ಲೇ ಇತ್ತು. ಈ ವಾರ ಮಕ್ಕಳಿಗೆ ಉಸಿರಾಟದ ಪಾಠ. ಜೀವಕೋಶಗಳು ಆಮ್ಲಜನಕ ಬಳಸಿ ಆಹಾರದಿಂದ ಶಕ್ತಿ ಪಡೆಯುತ್ತವೆ, ಅದರಲ್ಲಿ ಒಂದಷ್ಟು ಶಾಖವಾಗಿ ಹೊರಬರುತ್ತದೆ. ಮೊಳಕೆ ಬಂದ ಕಾಳನ್ನು ಫ್ಲಾಸ್ಕಿಗೆ ತುಂಬಿಟ್ಟರೆ ಆ ಶಾಖ ಕೈಗೇ ತಿಳಿಯುತ್ತದೆ.

ಮುಚ್ಚಳವನ್ನು ನಿನ್ನ ಹಾಗೆಯೇ ಬಿಗಿದೆ. "ಇನ್ನೊಂದು ಸುತ್ತು ತಿರುಗ್ಸು, ಬಿಸಿ ಓಡಿಹೋಗುತ್ತೆ" ಅನ್ನುತ್ತಿದ್ದೆಯಲ್ಲ. ಮರುದಿನ ತೆರೆದರೆ ಹುಳಿ ವಾಸನೆ, ಕಾಳು ತಣ್ಣಗೆ. ಆಟದ ಮೇಷ್ಟ್ರು ಬಗ್ಗಿ ನೋಡಿ, "ಗಾಳಿ ಬೇಕು ಅಂತ ಪಾಠ ಮಾಡೋರೂ ನೀವೇ, ಉಸಿರು ಕಟ್ಟಿಸೋರೂ ನೀವೇ" ಎಂದರು. ಇಡೀ ತರಗತಿ ನಕ್ಕಿತು, ನಾನೂ ನಕ್ಕೆ. ನೀನು ಹೋದ ಮೇಲೆ ನಾನು ಹಾಗೆ ನಕ್ಕದ್ದು ಅದೇ ಮೊದಲು.

ಹೊಸ ಕಾಳು ತುಂಬಿ, ಬಾಯಿಗೆ ಬರೀ ಹತ್ತಿ ಇಟ್ಟೆವು. ಇವತ್ತು ಬೆಳಿಗ್ಗೆ ಹತ್ತಿ ತೆಗೆದು ಬೆರಳಿಟ್ಟು ನೋಡಿದೆ. ಬೆಚ್ಚಗಿತ್ತು, ಅಮ್ಮಾ. ಬಿಸಿಯಾದದ್ದೇನನ್ನೂ ಯಾರೂ ಅದರೊಳಗೆ ಸುರಿದಿರಲಿಲ್ಲ. ಎದೆ ಹಗುರವಾಯಿತು.

ಫ್ಲಾಸ್ಕು ಇನ್ನು ಶಾಲೆಯಲ್ಲೇ ಇರಲಿ. ಕಪಾಟಿಗೆ ಮುಚ್ಚಳವನ್ನಷ್ಟೇ ವಾಪಸು ತಂದಿದ್ದೇನೆ.