ಆರಿಸಿದೆ ಎಂದ ಮೇಲೂ

ಮನೆಯಿಂದ,
ಜೂನ್ ಹದಿನಾಲ್ಕು, ಸೋಮವಾರ

ಮುದ್ದು ಮಗಳೇ,

ಹೇಗಿದ್ದೀಯ? ಹಡಗಿನ ಅಡುಗೆಮನೆಯ ಸೆಖೆಗೆ ಬೆನ್ನಿನ ಬೆವರುಗುಳ್ಳೆಗಳು ಮತ್ತೆ ಎದ್ದಿವೆಯಾ? ಅಷ್ಟು ಜನರಿಗೆ ಬಡಿಸಿದ ಮೇಲೆ ನೀನು ಕೂತು ಉಣ್ಣುತ್ತೀಯೋ, ಇಲ್ಲಿನ ಹಾಗೆ ನಿಂತಲ್ಲೇ ಎರಡು ತುತ್ತು ಬಾಯಿಗೆ ಹಾಕಿಕೊಂಡು ಓಡುತ್ತೀಯೋ? ನನ್ನ ಮಂಡಿನೋವು ಎಂದಿನಂತಿದೆ, ಅದರ ಮಾತು ಬಿಡು. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಮಗಳು ಪಕ್ಕದಲ್ಲೇ ಕಿವಿಗೊಟ್ಟು ಕೂತಿರುತ್ತಾಳೆ. ಅದಕ್ಕೇ ಅವಳು ಶಾಲೆಯಲ್ಲಿರುವಾಗ ಬರೆಯಲು ಕೂತೆ.

ನಿನ್ನ ಗುಬ್ಬಚ್ಚಿ ಅಡುಗೆ ಕಲಿಯುತ್ತಿದ್ದಾಳೆ. ಹುಬ್ಬು ಗಂಟಿಕ್ಕಬೇಡ. ಐದು ವರ್ಷಕ್ಕೆ ನೀನೂ ಬಟಾಣಿ ಸುಲಿಯುತ್ತಿದ್ದೆ, ಸುಲಿದದ್ದಕ್ಕಿಂತ ತಿಂದದ್ದೇ ಹೆಚ್ಚು. ಅಕ್ಕಿಗೆ ನೀರು ಅಳೆದು ಅಳೆದೇ ಇವಳಿಗೆ ಲೆಕ್ಕ ಬಂತು. ಕ್ಯಾರೆಟ್ ಕಂಡರೆ ಮುಖ ತಿರುಗಿಸುತ್ತಿದ್ದವಳು, ತಾನೇ ತೊಳೆದದ್ದಾದರೆ ಗುಳುಂ ಮಾಡುತ್ತಾಳೆ. ಮೊಟ್ಟೆ ಬೇಯುವ ತನಕ ಬಾಯಿ ಮುಚ್ಚಿಕೊಂಡು ಕಾಯುತ್ತಾಳೆ, ಅದು ನಿನ್ನಿಂದ ಇವತ್ತಿಗೂ ಆಗದ ಕೆಲಸ. ನಮ್ಮ ಮನೆಯ ಪದ್ಧತಿಯನ್ನೂ ಕಲಿಸಿದೆ: ಒಲೆ ಹಚ್ಚಿದವರು "ಹಚ್ಚಿದೆ" ಎಂದು ಕೂಗಬೇಕು, ಆರಿಸಿದವರು "ಆರಿಸಿದೆ" ಎನ್ನಬೇಕು, ಜೊತೆಗಿದ್ದವರು ಕಣ್ಣಾರೆ ನೋಡಿ "ನೋಡಿದೆ" ಎನ್ನಬೇಕು. ಒಲೆಯ ಹತ್ತಿರ ಅವಳನ್ನು ಬಿಡುವುದಿಲ್ಲ. ದೂರದಿಂದ ನೋಡಿ ಹೇಳುವುದಷ್ಟೇ ಅವಳ ಕೆಲಸ.

ನಿನ್ನೆ ಆಲೂಗಡ್ಡೆ ಬೇಯಿಸಿ, "ಆರಿಸಿದೆ" ಎಂದು ಕೂಗಿ, ಬಟ್ಟೆ ಹರವಲು ಹೊರಗೆ ಹೋದೆ. "ನೋಡಿದೆ" ಎಂದಳು. ಕ್ಲಿಪ್ಪು ಮರೆತು ವಾಪಸ್ ಬಂದರೆ ಏನು ನೋಡಲಿ ಕಣೇ! ಸ್ಟೂಲಿನ ಮೇಲೆ ಹತ್ತಿ ನಿಂತಿದ್ದಾಳೆ. ಒಲೆ ಉರಿಯುತ್ತಿದೆ. ಫ್ರಾಕಿನ ತೋಳು ಉರಿಗೆ ತಾಗುವುದೊಂದು ಬಾಕಿ. ಕೈಚಾಚಿ ನಾಬ್ ತಿರುಗಿಸುತ್ತಿದ್ದಾಳೆ. ಕೂಗಿದರೆ ಬೆಚ್ಚಿ ಬೀಳುತ್ತಾಳೆಂದು ಉಸಿರು ಬಿಗಿಹಿಡಿದು ನಿಂತೆ. ಉರಿ ಆರಿತು. ಇಳಿದಳು. ಸ್ಟೂಲನ್ನು ಸದ್ದಾಗದಂತೆ ಎತ್ತಿ ಮೊದಲಿದ್ದ ಜಾಗದಲ್ಲೇ ಇಟ್ಟಳು. ಆ ನಾಜೂಕು ನೋಡಿದ ಮೇಲೆ, ಇದು ಮೊದಲ ಸಲವಲ್ಲ ಎಂದು ಗೊತ್ತಾಯಿತು.

ತಬ್ಬಿಕೊಂಡು ಕೇಳಿದೆ. "ನೀನು ದಿನಾ ಮರೀತೀಯಲ್ಲ ಅಜ್ಜಿ. ಹೇಳಿದ್ರೆ ನಿಂಗೆ ಬೇಜಾರಾಗುತ್ತೆ ಅಂತ ನಾನೇ ಆರಿಸ್ತೀನಿ" ಎಂದಳು. ಅಡುಗೆಮನೆಯಲ್ಲಿ ನಾನು ಕಲಿಸದ ಇದನ್ನೂ ಕಲಿತುಬಿಟ್ಟಿದ್ದಾಳೆ.

ನನಗೆ ಆರಿಸಿದ್ದು ಚೆನ್ನಾಗಿ ನೆನಪಿದೆ. ನಾಬ್ ತಿರುಗಿಸಿದ್ದು ಕೈಗೇ ನೆನಪಿದೆ. ಅದಕ್ಕೇ ಹೆದರಿಕೆ. ಮರೆತೆ ಎಂದು ಗೊತ್ತಾದರೆ ಎಚ್ಚರದಿಂದ ಇರಬಹುದು, ಮಾಡಿದ್ದೀಯ ಎಂದು ಮನಸ್ಸೇ ಆಣೆ ಇಟ್ಟು ಹೇಳಿದರೆ ಯಾರನ್ನು ನಂಬಲಿ?

ಇವತ್ತು ಒಲೆ ಹಚ್ಚಿಲ್ಲ, ಬ್ರೆಡ್ಡು ಬಾಳೆಹಣ್ಣಿನಲ್ಲೇ ಮುಗಿಸಿದೆವು. ಗುಬ್ಬಚ್ಚಿಯನ್ನು ಶಾಲೆಯಿಂದ ಕರೆತಂದು ಒಳಗೆ ಮಲಗಿಸಿದ್ದೇನೆ, ನಿದ್ದೆ ಮಾಡುತ್ತಿದ್ದಾಳೆ. ನೀನು ಗಾಬರಿಯಾಗಬೇಡ, ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಹಡಗು ಸುಖವಾಗಿ ದಡ ಸೇರಲಿ ಕಂದಾ.

ನಿನ್ನ
ಅಮ್ಮ

ಮತ್ತೆ: ಈಗ ಪಕ್ಕದ ಮನೆಯ ಟೈಲರ್ ಬಾಗಿಲು ತಟ್ಟಿದರು. ಗುಬ್ಬಚ್ಚಿ ಅವರ ಕೈ ಹಿಡಿದು ನಿಂತಿದ್ದಾಳೆ, ಬೆನ್ನಿಗೆ ಇನ್ನೂ ಬ್ಯಾಗಿದೆ. ಶಾಲೆಯ ಗೇಟಿನಲ್ಲಿ ಒಬ್ಬಳೇ ಅಳುತ್ತಿದ್ದಳಂತೆ. ಒಳಗೆ ಹೋಗಿ ನೋಡಿದೆ, ಹಾಸಿಗೆ ಖಾಲಿ. ಟೈಲರ್ ಕೈಯಲ್ಲಿ ಈಗಲೇ ನಿನಗೆ ಫೋನ್ ಮಾಡಿಸುತ್ತೇನೆ. ಈ ಕಾಗದ ಕೈಸೇರುವಷ್ಟರಲ್ಲಿ ನಾನು ಫೋನಿನಲ್ಲಿ ಎಲ್ಲ ಸರಿಯಾಗಿದೆ ಎಂದಿದ್ದರೂ ನಂಬಬೇಡ. ಬಂದುಬಿಡು.