ಅಮ್ಮನ ಬೆನ್ನ ಹಿಂದಿನ ಹೊಗೆಗೂಡು

ಥಾರ್ನ್‌ಕೋಟ್ ಹಾಲ್, ಆರನೇ ಫ್ಲಾಟ್
ಭಾನುವಾರ, ೪ ನವೆಂಬರ್ ೧೯೮೪

ಪ್ರೀತಿಯ ತಮ್ಮ ರಾಯ್‌ಸ್ಟನ್‌ಗೆ,

ದೇವರ ದಯೆಯಿಂದ ಚೆನ್ನಾಗಿದ್ದೀಯ ತಾನೆ? ಕೆಮ್ಮು ಹೋಯಿತೇ? ಡಂಡಿ ಊರಿನ ಚಳಿಯಲ್ಲಿ ಇಟ್ಟಿಗೆ ಕಟ್ಟುವವನು ಒದ್ದೆ ಕಾಲುಚೀಲದಲ್ಲಿ ನಿಲ್ಲಬಾರದು ಕಣೋ. ಅಮ್ಮ ಗಟ್ಟಿಯಾಗಿದ್ದಾಳೆ. ನಿನಗೆಂದು ಬೂದು ಬಣ್ಣದ ಸ್ವೆಟರ್ ಹೆಣೆಯುತ್ತಿದ್ದಾಳೆ, ಒಂದು ತೋಳು ಮುಗಿದಿದೆ. ಬೆಳಿಗ್ಗೆ ಪ್ರಾರ್ಥನೆಯಲ್ಲಿ ನಿನ್ನ ಹೆಸರು ಹೇಳಿಸಿದೆ. ಭಾನುವಾರ ದೇವರ ದಿನ, ನಾನು ಕಾಗದ ಬರೆಯುವವಳಲ್ಲ, ನಿನಗೆ ಗೊತ್ತು. ಆದರೆ ನಿನ್ನ ಬಾಡಿಗೆ ಕೋಣೆಗೆ ಫೋನಿಲ್ಲ, ಇದು ನಾಳೆ ಬೆಳಗಿನ ಟಪಾಲಿಗೇ ಹೋಗಬೇಕು.

ನನಗೆ ಭಯವಾಗಿದೆ ರಾಯ್. ಮೂರು ವಾರದಿಂದ ಅಮ್ಮನ ಕೋಣೆಯ ಅಗ್ಗಿಷ್ಟಿಕೆಯಲ್ಲಿ ಮಸಿ ಉದುರುತ್ತಿದೆ. ನಾವು ಅದರಲ್ಲಿ ಬೆಂಕಿ ಹಾಕಿ ಎಷ್ಟು ವರ್ಷವಾಯಿತು! ಮೊದಲು ಮೇಲೆ ಕಾಗೆ ಗೂಡು ಕಟ್ಟಿರಬೇಕು ಅಂದುಕೊಂಡೆ. ಆಮೇಲೆ ಕೋಣೆಯ ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡಿತು. ಸಾಬೂನು ತಿಕ್ಕಿದೆ, ಸರಿಹೋಗಲಿಲ್ಲ. ಈಗ ಅಗ್ಗಿಷ್ಟಿಕೆಯ ಎಡಕ್ಕೆ ಚಾವಣಿಯಿಂದ ನೆಲದ ತನಕ ಬಿರುಕು. ಮಂಗಳವಾರ ಬೆಣ್ಣೆ ಚಾಕುವಿನ ತುದಿ ಹೋಗುತ್ತಿತ್ತು, ನಿನ್ನೆ ನನ್ನ ಕಿರುಬೆರಳೇ ಹೋಯಿತು. ಗಾಳಿ ಎದ್ದಾಗ ಗೋಡೆಯೊಳಗೆ ಯಾರೋ ಹಲ್ಲು ಕಡಿದ ಹಾಗೆ ಸದ್ದು.

ನಿನ್ನೆ ಕಾರಣ ತಿಳಿಯಿತು. ನಮ್ಮ ಕೆಳಗಿನ ನಾಲ್ಕನೇ ಫ್ಲಾಟಿನ ಲವೆಲ್ ಹೊಸ ಅಡುಗೆಮನೆ ನೋಡಲು ಕರೆದಿದ್ದ. ಹಿಂದೆ ಇದೆಲ್ಲ ಒಂದೇ ಬಂಗಲೆಯಾಗಿದ್ದಾಗ ದೊರೆಸಾನಿ ಮಲಗುತ್ತಿದ್ದ ಕೋಣೆ ಅದು. ಒಳಗೆ ಕಾಲಿಟ್ಟವಳು ಅಲ್ಲೇ ನಿಂತೆ. ಅಗ್ಗಿಷ್ಟಿಕೆಯಿಲ್ಲ, ಅದರ ಮೇಲಿನ ಹೊಗೆಗೂಡಿನ ಇಟ್ಟಿಗೆಯೂ ಇಲ್ಲ, ಆ ಜಾಗದಲ್ಲಿ ಫ್ರಿಜ್ ನಿಂತಿದೆ. "ಕೆಲಸಕ್ಕೆ ಬಾರದ ಇಟ್ಟಿಗೆ ಕಣ್ರೀ ಏವಿಸ್, ತೆಗೆಸಿದ್ದಕ್ಕೆ ಎಷ್ಟು ಜಾಗ ಸಿಕ್ತು ನೋಡಿ!" ಅಂದ. ಹಾಗಾದರೆ ಮೇಲಿನದು ಯಾವುದರ ಮೇಲೆ ನಿಂತಿದೆ ಅಂತ ಕೇಳಿದೆ. "ಮೇಲಿಂದು ನಿಮ್ದಲ್ವಾ? ನಿಮ್ದನ್ನ ನಾನು ಮುಟ್ಟೇ ಇಲ್ಲಪ್ಪ," ಅಂತ ನಕ್ಕ. ಮನೆಯನ್ನು ಎಂಟು ಫ್ಲಾಟು ಮಾಡಿ ಬಾಗಿಲಿಗೆ ನಂಬರು ಹೊಡೆದ ಮೇಲೆ ಇಲ್ಲಿ ಎಲ್ಲರಿಗೂ ಇದೇ ಭ್ರಮೆ. ಹೊಗೆಗೂಡಿಗೆ ನಂಬರು ಗೊತ್ತಾ? ನೆಲಮಾಳಿಗೆಯಿಂದ ಸೂರಿನಾಚೆಯವರೆಗೆ ಅದು ಒಂದೇ. ಈಗ ಅದರ ಸೊಂಟವನ್ನೇ ಕಿತ್ತಿದ್ದಾರೆ. ಅಮ್ಮನ ಕೋಣೆಯದು, ಅಟ್ಟದ್ದು, ಸೂರಿನ ಮೇಲೆ ನಿಂತಿರುವುದು, ಅಷ್ಟೂ ಇಟ್ಟಿಗೆ ಇನ್ನೂರು ವರ್ಷದ ಸುಣ್ಣದ ಗಾರೆ ಹಿಡಿದುಕೊಂಡು ನೇತಾಡುತ್ತಿದೆ.

ಮಂಚವನ್ನು ಮುಂದಿನ ಕೋಣೆಗೆ ಎಳೆಯೋಣ ಅಂದರೆ ಅಮ್ಮ ಕೇಳುವುದಿಲ್ಲ. ಹದಿನಾಲ್ಕು ವರ್ಷದವಳಾಗಿ ಈ ಮನೆಗೆ ಕೆಲಸಕ್ಕೆ ಬಂದಾಗ ಅದು ದೊರೆ ಮಕ್ಕಳ ಕೋಣೆ. "ಒಂಬತ್ತು ವರ್ಷ ಆ ಒಲೆಗೆ ಕಲ್ಲಿದ್ದಲು ಹೊತ್ತಿದ್ದೀನಿ, ನನ್ನ ಮೇಲೆ ಬೀಳೋಕೆ ಅದಕ್ಕೇ ನಾಚಿಕೆಯಾಗುತ್ತೆ. ನಿನಗೆ ಹೆದರಿಕೆಯಾದ್ರೆ ಹೋಗಿ ಸ್ನಾನದ ತೊಟ್ಟೀಲಿ ಮಲ್ಕೋ," ಅಂದಳು. ನಾನು ನನ್ನ ಹಾಸಿಗೆಯನ್ನು ಅವಳ ಮಂಚದ ಪಕ್ಕಕ್ಕೇ ಹಾಕಿಕೊಂಡಿದ್ದೇನೆ. ಪ್ರಾರ್ಥನೆಗೆ ಮೊಣಕಾಲೂರಿದರೆ ಕಿವಿ ಗೋಡೆಯ ಕಡೆಗೇ ಹೋಗುತ್ತದೆ, ದೇವರು ಕ್ಷಮಿಸಲಿ. ಬಿರುಕು ಕಂಡಾಗಲೇ ಹೇಳಿಕಳಿಸಿದ್ದೆ, ನಗರ ಕೌನ್ಸಿಲ್‌ನ ಎಂಜಿನಿಯರು ಬುಧವಾರ ಹತ್ತಕ್ಕೆ ಬರುತ್ತಾರೆ.

ಅಮ್ಮ ಮುತ್ತು ಕಳಿಸಿದ್ದಾಳೆ. ದೇವರ ಕೈ ನಿನ್ನ ತಲೆಯ ಮೇಲಿರಲಿ, ಇನ್ನೊಂದು ಕೈ ನಮ್ಮ ಹೊಗೆಗೂಡಿನ ಕೆಳಗಿರಲಿ.

ನಿನ್ನ ಅಕ್ಕ,
ಏವಿಸ್

ತಾ. ಕ.: ಇದನ್ನು ಮೇಲೆಯೇ ಬರೆಯಬೇಕಿತ್ತು, ಕೈ ಬರಲಿಲ್ಲ. ಲವೆಲ್‌ನ ಫ್ರಿಜ್ಜಿನ ಪಕ್ಕದ ಗಾರೆಯಲ್ಲಿ ಮೊಳೆಯಿಂದ ಗೀಚಿದ ಪುಟ್ಟ ಮೀನು ಕಂಡೆ. ಭಾನುವಾರದ ಬೈಬಲ್ ಶಾಲೆಯಲ್ಲಿ ಕ್ರಿಸ್ತನ ಗುರುತೆಂದು ಕಲಿತಾಗಿನಿಂದ ಕೆಲಸ ಮಾಡಿದ ಕಡೆಯೆಲ್ಲ ನೀನು ಬಿಟ್ಟುಬರುವ ಮೀನು. ಆಗಸ್ಟಿನಲ್ಲಿ "ನೀವಿಬ್ಬರೂ ಒಂದು ವಾರ ಸಮುದ್ರದ ಕಡೆ ಹೋಗಿಬನ್ನಿ, ಮನೆ ನಾನು ನೋಡ್ಕೋತೀನಿ" ಅಂದೆಯಲ್ಲ, ಆ ವಾರವೇ ತಾನೆ? ಲವೆಲ್ ನಿನ್ನ ಹೆಸರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಬುಧವಾರ ಎಂಜಿನಿಯರು ಕೇಳಿದರೆ ಮಾತ್ರ ನಾನು ಸುಳ್ಳು ಹೇಳಲಾರೆ. ಬೈಯುವುದು ಆಮೇಲೆ. ಮೇಲಿನ ಭಾರ ಹೊರಲು ಅಡ್ಡಕ್ಕೆ ಕಬ್ಬಿಣದ ತೊಲೆ ಕೊಟ್ಟಿದ್ದೀಯಾ, ಇಲ್ಲವಾ? ಕೊಟ್ಟಿದ್ದರೆ ಪಾದ್ರಿಗಳ ಮನೆಗೆ ಫೋನ್ ಮಾಡಿ "ಇದೆ" ಅಂತ ಒಂದು ಮಾತು ಹೇಳು. ಇಲ್ಲವಾದರೆ ಫೋನು ಹುಡುಕುತ್ತ ನಿಲ್ಲಬೇಡ, ಮೊದಲ ರೈಲು ಹತ್ತು. ಭಾನುವಾರ ಹೆಣಿಗೆ ಬೇಡವೆಂದರೂ ಕೇಳದೆ ಅಮ್ಮ ಈಗ ಅದೇ ಗೋಡೆಗೆ ಬೆನ್ನು ಕೊಟ್ಟು ನಿನ್ನ ಇನ್ನೊಂದು ತೋಳು ಹೆಣೆಯುತ್ತ ಕೂತಿದ್ದಾಳೆ.