ಬಂಗಾರಿಯ ದೀಪದ ಗಾಜು

ಫೆಬ್ರವರಿ ಮೂವತ್ತು, ೨೨೧೪
ಕೋಲಾರದ ಹಳೆಯ ಚಿನ್ನದ ಗಣಿ, ಮೂರನೇ ಅಂತಸ್ತು

ಗಾಜಿನ ಪೆಟ್ಟಿಗೆಯಲ್ಲಿ ಗಡ್ಡದ ಓತಿ ಸಾಕಿರುವವರಿಗೆ,

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನೆಲದ ಕೆಳಗೆ ಬದುಕುವವರಿಗೆ ಚಂದ್ರ, ಸೂರ್ಯರ ಲೆಕ್ಕ ಯಾಕೆ? ನನ್ನ ಮಾತು ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ಒರಟು ಅನ್ನಿಸಿದರೆ ಕ್ಷಮೆ ಕೇಳುವುದಿಲ್ಲ. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು ನಾನು, ನಯವಾಗಿ ಬರೆಯಲು ಬರುವುದಿಲ್ಲ.

ಹಿಂದಿನ ಕಾಲಕ್ಕೆ ಹೋಗುವ ಟಪಾಲಿಗೆ ಇಲ್ಲಿ ಹಿಂದಂಚೆ ಅನ್ನುತ್ತಾರೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ. ಎಲ್ಲರೂ ಮುತ್ತಜ್ಜಂದಿರಿಗೆ ಬರೆಯುತ್ತಾರೆ. ನಾನು ಓತಿಯ ವಿಷಯ ಅಂದಾಗ ಅಂಚೆಯವನು, "ಲೇ ಯಲ್ಲೇಶ, ತಲೆಗಿಲೆ ಕೆಟ್ಟಿದೆಯೇನೋ?" ಅಂದ. ಕೆಟ್ಟಿಲ್ಲ.

ಬಂಗಾರಿ ನಮ್ಮ ಓತಿ. ಮೈ ಮರಳಿನ ಬಣ್ಣ, ಸಿಟ್ಟು ಬಂದರೆ ಗಡ್ಡ ಉಬ್ಬಿಸಿ ಕಪ್ಪು ಮಾಡಿಕೊಳ್ಳುತ್ತಾಳೆ. ಅವ್ವ ಹತ್ತಿರ ಹೋದರೆ ಮಾತ್ರ ಒಂದು ಕೈ ಎತ್ತಿ ನಿಧಾನಕ್ಕೆ ಬೀಸುತ್ತಿದ್ದಳು. "ನೋಡೋ, ಟಾಟಾ ಮಾಡ್ತಾಳೆ" ಅಂತ ಅವ್ವ ಹಿಗ್ಗುತ್ತಿದ್ದಳು. ಆ ಕೈ ಏಳುವುದು ನಿಂತಿತು. ಆಮೇಲೆ ಕೈಕಾಲು ಸೊಟ್ಟಗಾದವು, ದವಡೆ ಮೆತ್ತಗಾಯಿತು, ಮಿಡತೆ ಕಚ್ಚಲು ಆಗದೆ ಬಾಯಿಂದ ಜಾರಿಸುತ್ತಿದ್ದಳು. ಸಾಯುತ್ತಾಳೆ ಅಂತ ಗೊತ್ತಾಯಿತು.

ಕ್ಯಾಲ್ಸಿಯಂ ಕೊಟ್ಟಿರಲಿಲ್ಲ ಅಂದುಕೊಳ್ಳಬೇಡಿ. ಮಿಡತೆಗಳನ್ನು ಡಬ್ಬಿಗೆ ಹಾಕಿ, ಪುಡಿ ಉದುರಿಸಿ, ಕುಲುಕಿ, ಬೆಳ್ಳಗೆ ಮಾಡಿ ಕೊಡುತ್ತಿದ್ದೆವು. ಬಿಸಿಲುದೀಪವೂ ಇತ್ತು, ನಿಮ್ಮ ಕಾಲದಲ್ಲಿ ಯುವಿಬಿ ಅನ್ನುತ್ತೀರಲ್ಲ, ಅದೇ. ಕಾವಿನ ದೀಪ ಬೇರೆ ಇತ್ತು. ಆದರೆ ಇಲ್ಲಿ ಸುರಂಗದ ಧೂಳಿಗೆ ಬೆಂಕಿ ಹತ್ತುತ್ತದೆ ಅಂತ ಯಾವ ದೀಪವನ್ನೂ ಗಾಜು ಮುಚ್ಚದೆ ಉರಿಸುವುದಿಲ್ಲ. ಬೆಳಗ್ಗೆ ಎದ್ದ ಕೂಡಲೇ ದೀಪದ ಗಾಜು ಒರೆಸುವುದೇ ಮೊದಲ ಕೆಲಸ. ಗಾಜು ಮಾಸಿದ ಮನೆಯ ಬಗ್ಗೆ ಮನೆಸಾಲಿನವರೆಲ್ಲ ಆಡಿಕೊಳ್ಳುತ್ತಾರೆ. ಅವ್ವ ಬಂಗಾರಿಯ ದೀಪಕ್ಕೂ ಗಾಜು ಹಾಕಿ ಫಳಫಳ ಒರೆಸುತ್ತಿದ್ದಳು.

ಪ್ರಾಣಿಗಳ ಡಾಕ್ಟರು ಪರ್ವೀನಕ್ಕ ಬಂದವರೇ ಹಣೆ ಚಚ್ಚಿಕೊಂಡರು. "ಗಾಜು ಯಾಕಮ್ಮಾ ಹಾಕಿದ್ರಿ? ಬೆಳಕೇನೋ ಬರ್ತದೆ, ಮೂಳೆಗೆ ಬೇಕಾಗಿದ್ದು ಗಾಜು ದಾಟಲ್ಲ. ಅದಿಲ್ದಿದ್ರೆ ಪುಡಿ ಎಷ್ಟು ತಿನ್ಸಿದ್ರೂ ಮೈಗೆ ಹತ್ತಲ್ಲ." ಬಾಯಿಗೆ ಔಷಧಿ ಬರೆದುಕೊಟ್ಟು ಗಾಜು ತೆಗೆಸಿದರು.

ಮಾರನೇ ದಿನವೇ ಗಾಳಿಮೇಸ್ತ್ರಿ ಬಂದ. ಸುರಂಗದ ಗಾಳಿ, ಬೆಂಕಿ ನೋಡಿಕೊಳ್ಳುವವನು. "ಒಂದು ಓತಿಗೋಸ್ಕರ ಸಾಲೆಲ್ಲಾ ಸುಡ್ತೀಯೇನೋ? ಆರಿಸು ಲೇ!" ಅಂದ. ನಾನು ಕೈ ಎತ್ತಲು ಹೋದೆ. ಅವ್ವ ನನ್ನನ್ನು ಹಿಂದಕ್ಕೆ ನೂಕಿ, "ಅಣ್ಣಾ, ಧೂಳು ತಾನೇ ನಿಮ್ಗೆ ಭಯ? ಧೂಳೇ ಇಲ್ದಂಗೆ ಮಾಡ್ತೀನಿ. ಗಾಜು ಒರ್ಸೋ ಕೈ ಗೋಡೆ ಒರ್ಸಲ್ವಾ?" ಅಂದಳು. ಅವನ ಎದುರಿಗೇ ಒದ್ದೆ ಬಟ್ಟೆ ಹಿಡಿದು ನೆಲ, ಗೋಡೆ, ಸೂರು ಒರೆಸಿದಳು. ಅವನು ಗೋಡೆಗೆ ಬೆರಳು ಎಳೆದು, ಧೂಳು ಹತ್ತದ ಬೆರಳು ನೋಡಿಕೊಂಡು, ದೀಪ ಹಾಗೇ ಬಿಟ್ಟು ಹೋದ. ಆಗಾಗ ಬಂದು ಈಗಲೂ ಬೆರಳು ಎಳೆಯುತ್ತಾನೆ.

ನಿಮ್ಮ ಮೇಲೆ ನನಗೆ ಉರಿಯುತ್ತದೆ. ತಲೆಯ ಮೇಲೆ ನಿಜವಾದ ಸೂರ್ಯನನ್ನು ಇಟ್ಟುಕೊಂಡು, ಮುಚ್ಚಿದ ಕಿಟಕಿಯ ಪಕ್ಕ ಪೆಟ್ಟಿಗೆ ಇಟ್ಟು, ಬಿಸಿಲು ಕಾಯಿಸಿದೆವು ಅನ್ನುತ್ತೀರಿ. ಅದೂ ಗಾಜೇ ಕಣ್ರೀ! ಬಿಸಿಲಿಗೆ ಬಿಡುವುದಾದರೆ ಜಾಲರಿ ಗೂಡಿನಲ್ಲಿ ಬಿಡಿ, ಒಂದು ಮೂಲೆಗೆ ನೆರಳಿರಲಿ. ದೀಪ ಇಟ್ಟರೆ ಅದಕ್ಕೂ ಓತಿಗೂ ನಡುವೆ ಗಾಜು, ಪ್ಲಾಸ್ಟಿಕ್ ಇರಬಾರದು. ದೀಪ ಉರಿಯುತ್ತಿದೆ ಅಂತ ನಂಬಬೇಡಿ, ಬೆಳಕು ಇದ್ದ ಹಾಗೇ ಇರುತ್ತದೆ, ಒಳಗಿನ ಸತ್ವ ಮುಗಿದಿರುತ್ತದೆ. ದೀಪದ ಡಬ್ಬಿಯ ಮೇಲೆ ಹೇಳಿದ ಕಾಲಕ್ಕೆ ಬದಲಾಯಿಸಿ.

ಬಂಗಾರಿಯ ಕೈಕಾಲು ನೆಟ್ಟಗಾಗಲಿಲ್ಲ. ಇನ್ನು ಆಗುವುದೂ ಇಲ್ಲವಂತೆ. ಆದರೆ ಮಿಡತೆ ಅಗಿಯುತ್ತಾಳೆ. ಇವತ್ತು ಬೆಳಗ್ಗೆ ಅವ್ವ ಒದ್ದೆ ಬಟ್ಟೆ ಹಿಡಿದು ಬಗ್ಗಿದಾಗ ಆ ಸೊಟ್ಟ ಕೈ ನಿಧಾನಕ್ಕೆ ಮೇಲೆದ್ದಿತು. ಪೂರ್ತಿ ಅಲ್ಲ, ಅರ್ಧ. ಅವ್ವ ಬಟ್ಟೆ ಕೆಳಗಿಟ್ಟು ತಾನೂ ಕೈ ಬೀಸಿದಳು.

ನನ್ನ ಒಂದೇ ಕಾಗದ ಇಲ್ಲಿಗೆ ಮುಗಿಯಿತು. ಎದ್ದು ಹೋಗಿ ನಿಮ್ಮ ದೀಪ ನೋಡಿ. ಈಗಲೇ.

ಯಲ್ಲೇಶ